ಫ್ರೇಮಣ್ಣನ ಮಹಾಪೂರ

ಬೆಳಕು ಸರಿಯಾಗಿ ಹರಿಯುವ ಮೊದಲೇ ಫ್ರೇಮಣ್ಣ ಹಿತ್ತಲಿನ ನಲ್ಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಪಾತ್ರೆ ಉಜ್ಜುತ್ತಿದ್ದ. ನೀರು ಬೀಳುವ ಸದ್ದು ಒಳಗೆ ಕೇಳಬಾರದೆಂದು ನಲ್ಲಿಯ ಬಾಯಿಗೊಂದು ಹಳೆಯ ಬನೀನು ಸುತ್ತಿದ್ದ. ಬೂದಿ ಹಾಕಿ ಉಜ್ಜಿದ, ಸೋಪು ಹಾಕಿ ಉಜ್ಜಿದ, ಕೊನೆಗೆ ತನ್ನ ಅಂಗಡಿಯಿಂದ ಮರ ಉಜ್ಜುವ ಉಪ್ಪುಕಾಗದ ತಂದು ಉಜ್ಜಿದ. ತಳದ ಕಪ್ಪು ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ.

ಮದುವೆಯಾದಂದಿನಿಂದ ಪಾತ್ರೆಗೂ ಅವನಿಗೂ ಇದ್ದ ಸಂಬಂಧ ಊಟದ ಹೊತ್ತಿನದು ಮಾತ್ರ. ಹಿತ್ತಲ ಬಾಗಿಲಿಗೆ ಬಂದ ಹೆಂಡತಿ ಈ ದೃಶ್ಯವನ್ನು ಸ್ವಲ್ಪ ಹೊತ್ತು ನಿಂತು ನೋಡಿದಳು. ಅವನು ತಲೆ ಎತ್ತಲಿಲ್ಲ. ಅವಳು ಒಳಗೆ ಹೋಗಿ ಚಹಾಪುಡಿಯ ಡಬ್ಬ ತೆಗೆದಳು, ಮುಚ್ಚಳ ಬಿಚ್ಚಿದಳು, ತಲೆಕೆಳಗು ಮಾಡಿ ತಳಕ್ಕೆ ಬಡಿದಳು. ಏನೂ ಬೀಳಲಿಲ್ಲ. ಡಬ್ಬವನ್ನು ಇದ್ದಲ್ಲೇ ಇಟ್ಟು, ಬರೀ ನೀರು ಕಾಯಿಸಿ ಲೋಟಕ್ಕೆ ಬಗ್ಗಿಸಿಕೊಂಡು, ಗಂಡನ ಬೆನ್ನು ನೋಡುತ್ತಾ ಕುಡಿದಳು.

ಅವಳಿಗೆ ಎಲ್ಲ ಗೊತ್ತಾಗಿದೆ ಅನ್ನುವುದು ಆ ಬೆನ್ನಿಗೆ ಆಗಲೇ ತಿಳಿದುಹೋಗಿತ್ತು. ಫ್ರೇಮಣ್ಣನಿಗೆ ಮಾತ್ರ ತಿಳಿದಿರಲಿಲ್ಲ.

ಫ್ರೇಮಣ್ಣನ ಕೆಲಸ ಫೋಟೊಗಳಿಗೆ ಕಟ್ಟು ಹಾಕುವುದು. ಹೊಳೆಯ ದಂಡೆಯಿಂದ ಬೆಟ್ಟದ ಮೆಟ್ಟಿಲವರೆಗೆ ಏರಿಕೊಂಡು ಬರುವ ಹಳೇ ಪೇಟೆಯ ಓಣಿಯಲ್ಲಿ, ತೀರಾ ಮೇಲಿನ ತುದಿಗೆ ಅವನ ಮನೆ. ಮುಂದಿನ ಕೋಣೆಯೇ ಅಂಗಡಿ. ಹೊಸ ಮರಕ್ಕೆ ಹಳೆಯ ಬಣ್ಣ ಬರಿಸುವುದರಲ್ಲಿ ಅವನನ್ನು ಬಿಟ್ಟರಿಲ್ಲ. ನಿನ್ನೆ ಕೊಯ್ದ ಹಲಗೆಗೆ ಕಡು ಚಹಾದ ಕಷಾಯ ಬಳಿದು, ಚಿಟಿಕೆ ಮಣ್ಣು ತಿಕ್ಕಿ, ಮೇಲೊಂದು ಕೈ ವಾರ್ನಿಶ್ ಎಳೆದನೆಂದರೆ ಮುತ್ತಜ್ಜನ ಕಾಲದ ಮರವೇ ಸರಿ. ಹೊಸ ಶ್ರೀಮಂತರು ತಮ್ಮ ಅಜ್ಜಂದಿರ ಫೋಟೊಗಳನ್ನು ಹಿಡಿದುಕೊಂಡು ಅವನ ಹತ್ತಿರವೇ ಬರುತ್ತಿದ್ದರು. ಅಜ್ಜ ಎಷ್ಟೇ ಹಳಬನಿರಲಿ, ಫ್ರೇಮಣ್ಣನ ಕಟ್ಟಿನೊಳಗೆ ಇನ್ನೊಂದಿಷ್ಟು ಹಳಬನಾಗಿ ಕಾಣುತ್ತಿದ್ದ.

ಆ ಪೇಟೆಗೆ ಒಂದು ಹೆಮ್ಮೆಯಿತ್ತು. ಈಗಿನವರ ಅಜ್ಜ ಅಜ್ಜಿಯರ ಕಾಲದಲ್ಲಿ ಹೊಳೆ ಉಕ್ಕಿ ಓಣಿಗೆ ನುಗ್ಗಿತ್ತು. ನೀರು ಇಳಿದ ಮೇಲೆ ಮನೆಗಳ ಗೋಡೆಯ ಮೇಲೆ ಅದು ನಿಂತಿದ್ದ ಮಟ್ಟಕ್ಕೆ ಕಂದು ಬಣ್ಣದ ಗೆರೆ ಉಳಿದಿತ್ತು. ಆ ಗೆರೆಯನ್ನು ಯಾರೂ ಅಳಿಸಿರಲಿಲ್ಲ. ಸುಣ್ಣ ಬಳಿಯುವವರು ಅದನ್ನು ಬಿಟ್ಟು ಮೇಲೆ ಕೆಳಗೆ ಬಳಿಯುತ್ತಿದ್ದರು. ಮಳೆ ತಾಗದಂತೆ ಕೆಲವರು ಮೇಲೊಂದು ತಗಡಿನ ಸೂರು ಕಟ್ಟಿದ್ದರು. ಓಣಿಯ ಮಧ್ಯದಲ್ಲಿದ್ದ ಪೋಸ್ಟಮ್ಮನವರಂತೂ ತಮ್ಮ ಗೆರೆಗೆ ಗಾಜು ಹಾಕಿಸಿದ್ದರು. ಆ ಗಾಜಿನ ಕಟ್ಟು ಹಾಕಿಕೊಟ್ಟವನು ಫ್ರೇಮಣ್ಣನೇ. ಓಣಿಯವರ ಗೆರೆಗಳಿಗೆಲ್ಲ ಅಂಚು ಕೂಡಿಸಿಕೊಟ್ಟ ಅವನ ಮನೆಗೆ ಮಾತ್ರ ಗೆರೆಯಿರಲಿಲ್ಲ. ಮನೆ ಅಷ್ಟು ಎತ್ತರದಲ್ಲಿತ್ತು, ನೀರು ಅಲ್ಲಿಯವರೆಗೆ ಬಂದೇ ಇರಲಿಲ್ಲ.

ಬೇರೆ ಊರಿನಲ್ಲಿ ಇದನ್ನು ಪುಣ್ಯ ಅನ್ನುತ್ತಿದ್ದರು. ಇಲ್ಲಿ ಹಾಗಲ್ಲ. ದಿನಾ ಬೆಳಗ್ಗೆ ಒಬ್ಬ ಗೈಡು ಊರು ನೋಡಲು ಬಂದವರನ್ನು ಕಟ್ಟಿಕೊಂಡು, ಮಡಚಿದ ಕೊಡೆಯಿಂದ ಗೆರೆಗಳನ್ನು ತೋರಿಸುತ್ತಾ ಓಣಿ ಹತ್ತಿ ಬರುತ್ತಿದ್ದ. ಒಂದೊಂದು ಮನೆಯ ಮುಂದೆಯೂ ಒಂದೊಂದು ಕಥೆ. ಫ್ರೇಮಣ್ಣನ ಮನೆ ಬಂದ ಕೂಡಲೇ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, "ಇಲ್ಲೇನೂ ಇಲ್ಲ, ಮುಂದೆ ಬನ್ನಿ" ಅನ್ನುತ್ತಿದ್ದ. ಬಾಗಿಲಲ್ಲಿ ಇಷ್ಟಗಲ ನಗು ಇಟ್ಟುಕೊಂಡು ನಿಂತ ಮನೆಯ ಯಜಮಾನನೂ ಆ 'ಏನೂ ಇಲ್ಲ'ದಲ್ಲೇ ಸೇರಿಹೋಗುತ್ತಿದ್ದ.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ಸೇತುವೆಯಾಚೆಯ ಹೊಸ ಬಡಾವಣೆಯಲ್ಲಿ ಸಿಮೆಂಟ್ ಅಂಗಡಿ ಇಟ್ಟಿದ್ದ ಷಡ್ಡಕ ಒಂದು ದಿನ ಬಂದು, ಬೆಂಚಿನ ಮೇಲೆ ಕೂತು, ಕಾಲಾಡಿಸುತ್ತಾ ಹೇಳಿದ: "ನಿಮ್ಮದು ಹಳೇ ಪೇಟೆ ಮನೆ ಅಂತ ಎಲ್ರಿಗೂ ಹೇಳ್ಕೊಂಡು ಬರ್ತೀರಲ್ಲ ಷಡ್ಡಕರೇ, ನೀರಿಗೇ ನಿಮ್ಮನೆ ಗೊತ್ತಿರಲಿಲ್ಲವಂತೆ! ಇದು ಹಳೇ ಪೇಟೆ ಮನೆ ಅಲ್ಲ ಬಿಡಿ. ಹಳೇ ಪೇಟೆಗೆ ಹೋಗೋ ದಾರೀಲಿ ಸಿಗೋ ಮನೆ."

ಷಡ್ಡಕನ ಜೊತೆ ಬಂದಿದ್ದ ಹೆಂಡತಿಯ ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಹೆಂಡತಿ ನಗಲಿಲ್ಲ. ಆದರೆ ಗಂಡನ ಮುಖ ನೋಡಿದಳು, ಮತ್ತು ಇನ್ನು ಏನೋ ಆಗುತ್ತದೆ ಎಂದು ಅವಳಿಗೆ ಆಗಲೇ ಅನ್ನಿಸಿತು.

ಮರುದಿನವೇ ಮನೆಯ ಮುಂಗೋಡೆಗೆ ಟಾರ್ಪಾಲು ಏರಿತು. "ಗೋಡೆ ತೊಳೀತಾ ಇದೀನಿ, ಧೂಳು ಹಾರುತ್ತೆ" ಎಂದು ಫ್ರೇಮಣ್ಣ ಕೇಳಿದವರಿಗೂ ಹೇಳಿದ, ಕೇಳದವರನ್ನು ನಿಲ್ಲಿಸಿಯೂ ಹೇಳಿದ. ಟಾರ್ಪಾಲಿನ ಹಿಂದೆ ನಡೆದದ್ದು ಅವನ ಜೀವಮಾನದ ಅತ್ಯುತ್ತಮ ಕೆಲಸ. ಚಹಾ ಕುದಿಸಿ ಕುದಿಸಿ ಪಾಕ ಮಾಡಿದ. ಹೊಳೆಯ ಮಣ್ಣು ಜರಡಿ ಹಿಡಿದ. ರಸಮಟ್ಟ ಇಟ್ಟು, ಅದರ ಗಾಜಿನೊಳಗಿನ ಗುಳ್ಳೆ ಅಲ್ಲಾಡದಂತೆ ನೋಡಿ, ಕೂದಲಷ್ಟೂ ಕೊಂಕಿಲ್ಲದ ಗೆರೆ ಎಳೆದ. ಅಳಿಸಿಹೋಗಬಾರದೆಂದು ವಾರ್ನಿಶ್ ಕೊಟ್ಟ. ಒಂದು ಕೈ ಸಾಲದು ಎಂದು ಇನ್ನೊಂದು ಕೈ.

ಎತ್ತರದ ಬಗ್ಗೆಯೂ ಅವನು ಯೋಚಿಸಿಯೇ ಮಾಡಿದ್ದ. ಪೋಸ್ಟಮ್ಮನವರ ಗೆರೆ ಎದೆಯ ಮಟ್ಟಕ್ಕಿತ್ತು. ತನ್ನದು ಅದಕ್ಕಿಂತ ಸ್ವಲ್ಪ ಮೇಲಿರಲಿ, ನೋಡುವವರಿಗೂ ಕತ್ತೆತ್ತಿ ನೋಡಿದ ಹಾಗಾಗುತ್ತದೆ ಎಂದು ಬಾಗಿಲ ನೆತ್ತಿಯ ಮಟ್ಟಕ್ಕೆ ಎಳೆದ. ಓಣಿ ಏರು ಎಂಬುದು, ತನ್ನ ಹೊಸ್ತಿಲೇ ಪೋಸ್ಟಮ್ಮನವರ ಉಪ್ಪರಿಗೆಯ ನೇರಕ್ಕೆ ಬರುತ್ತದೆ ಎಂಬುದು, ಹುಟ್ಟಿದಾಗಿನಿಂದ ಆ ಓಣಿಯನ್ನು ಏದುಸಿರು ಬಿಡುತ್ತಾ ಹತ್ತುತ್ತಿದ್ದ ಫ್ರೇಮಣ್ಣನಿಗೆ ಹೊಳೆಯಲೇ ಇಲ್ಲ.

ಪಾತ್ರೆ ಉಜ್ಜಿದ ಆ ಬೆಳಗ್ಗೆಯೇ ಟಾರ್ಪಾಲು ಇಳಿಯಿತು. ಗೈಡು ಜನರನ್ನು ಕರೆದುಕೊಂಡು ಹತ್ತಿ ಬಂದ. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿದ.

"ಇಲ್ಲೇನೂ ಇ..."

ಬಾಯಿ ಹಾಗೇ ನಿಂತಿತು. ಕೊಡೆ ಕಂಕುಳಿನಿಂದ ಜಾರಿ ಕೆಳಗೆ ಬಿತ್ತು.

"ಏನಣ್ಣಾ ಇದು?"

"ಏನಪ್ಪ?" ಎಂದ ಫ್ರೇಮಣ್ಣ, ಅವತ್ತೇ ಮೊದಲ ಸಲ ಗೋಡೆಯನ್ನು ನೋಡುತ್ತಿರುವವನಂತೆ. "ಓ, ಇದಾ? ಗೋಡೆ ತೊಳೀತಿದ್ದೆ. ಸುಣ್ಣ ಹೋಯ್ತು, ಇದು ಬಂತು. ಇದ್ದದ್ದೇ ಬಿಡು."

ಬಂದವರೆಲ್ಲ ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಒಬ್ಬ ಹಿರಿಯರು ಟೋಪಿ ತೆಗೆದು, ಈ ಮನೆಯವರು ಎಷ್ಟು ಕಷ್ಟಪಟ್ಟಿರಬೇಕು ಎಂದು ಫ್ರೇಮಣ್ಣನ ಕೈ ಹಿಡಿದುಕೊಂಡರು. ಅವನ ಕಣ್ಣಲ್ಲಿ ನೀರೇ ಬಂತು. ತಾನು ಪಡದೇ ಇದ್ದ ಕಷ್ಟ ನೆನೆದು ಅಷ್ಟು ಮನಸಾರೆ ಅತ್ತವರು ಆ ಓಣಿಯಲ್ಲಿ ಬೇರೆ ಯಾರೂ ಇಲ್ಲ.

ಸುದ್ದಿ ಓಣಿ ಇಳಿಯಲು ಹೊತ್ತಾಗಲಿಲ್ಲ. ಪೋಸ್ಟಮ್ಮ ಹತ್ತಿ ಬಂದರು. ಅವರು ಆಯುಷ್ಯವೆಲ್ಲ ಆ ಪೇಟೆಯಲ್ಲಿ ಟಪಾಲು ಹಂಚಿ ನಿವೃತ್ತರಾದವರು. ಮಂಡಿನೋವಿದ್ದರೂ ದನಿಗೆ ನೋವಿರಲಿಲ್ಲ. ಮಹಾಪೂರದ ದಿನ ಅವರ ಅಜ್ಜ ಉಪ್ಪರಿಗೆಯಲ್ಲಿ ನಿಂತು ಹಗ್ಗ ಎಸೆದು, ತೇಲಿಹೋಗುತ್ತಿದ್ದವರನ್ನು ಎಳೆದು ಉಳಿಸಿದ್ದರು. ಆ ಅಜ್ಜನ ಫೋಟೊಗೂ ಫ್ರೇಮಣ್ಣನದೇ ಕಟ್ಟು.

ಗೆರೆ ನೋಡಿದರು. ಹಿಂದಿರುಗಿ ಕೆಳಗಿನ ತಮ್ಮ ಉಪ್ಪರಿಗೆ ನೋಡಿದರು. ಮತ್ತೆ ಗೆರೆ ನೋಡಿದರು.

"ಏನಯ್ಯಾ, ಇಲ್ಲಿವರೆಗೂ ನೀರು ಬಂದಿತ್ತಾ?"

"ಗೋಡೆನೇ ಹೇಳ್ತಿದೆಯಲ್ಲ ಪೋಸ್ಟಮ್ಮನೋರೇ."

"ಹಾಗಾದ್ರೆ ನಮ್ಮುಪ್ಪರಿಗೆ ಮೇಲೆ ಎಷ್ಟು ನೀರಿತ್ತು?"

ಫ್ರೇಮಣ್ಣ ಕೆಳಗೆ ನೋಡಿದ. ಅವನ ಜೇಬಿನಲ್ಲಿದ್ದ ರಸಮಟ್ಟವನ್ನು ಪೋಸ್ಟಮ್ಮ ತಾವೇ ಎಳೆದು ತೆಗೆದು, ಕಣ್ಣ ಮುಂದೆ ಅಡ್ಡ ಹಿಡಿದರು.

"ನೋಡು. ಇಲ್ಲಿಂದ ನೇರ ನೋಡು. ನಮ್ಮನೆ ಹೆಂಚೇ ಮುಳುಗಿದೆ! ನಮ್ಮಜ್ಜ ನೀರಿನ ತಳದಲ್ಲಿ ನಿಂತ್ಕೊಂಡು ಹಗ್ಗ ಎಸೆದ್ರಾ? ನಮ್ಮಜ್ಜ ಮನುಷ್ಯನಾ, ಮೀನಾ?"

ಗುಳ್ಳೆಯ ಹಿಂದೆ ಊರೆಲ್ಲ ಕಂಡಿತು ಫ್ರೇಮಣ್ಣನಿಗೆ. ಆಗ ಅವನಿಗೆ ತಾನು ಏನು ಮಾಡಿದ್ದೇನೆಂದು ತಿಳಿಯಿತು. ಅಲ್ಲಿಗೇ ಬಾಯಿಬಿಟ್ಟು ಹೇಳಿದ್ದರೆ ಒಂದು ದಿನದ ನಗೆಯಲ್ಲಿ ಮುಗಿದುಹೋಗುತ್ತಿತ್ತು. ಆದರೆ ಟೋಪಿ ತೆಗೆದ ಹಿರಿಯರು ಇನ್ನೂ ಅಲ್ಲೇ ನಿಂತಿದ್ದರು.

"ಅಲೆ ಇರಬಹುದು," ಎಂದ. "ಒಂದು ದೊಡ್ಡ ಅಲೆ ಬಂದು..."

"ಅಲೆ ನಿಮ್ಮನೆ ವಿಳಾಸ ಹುಡುಕ್ಕೊಂಡು ಬಂತಾ? ಈ ಓಣೀಲಿ ವಿಳಾಸ ಹುಡುಕ್ಕೊಂಡು ಮೇಲೆವರೆಗೂ ಹತ್ತುತ್ತಿದ್ದೋಳು ನಾನೊಬ್ಳೇ ಕಣಯ್ಯ!"

ಅಷ್ಟರಲ್ಲಿ ಓಣಿಯ ಕೆಳಗಿನಿಂದ, ಮೈಗೆಲ್ಲ ಮೈದಾಹಿಟ್ಟು ಮೆತ್ತಿಕೊಂಡು ಬೇಕರಿ ಮಾವ ಓಡಿ ಬಂದರು. ಬೇಕರಿ ಮಾವನ ಅಜ್ಜಿ ಹಿಟ್ಟು ನಾದುವ ಮರಿಗೆಯನ್ನೇ ದೋಣಿ ಮಾಡಿಕೊಂಡು ಎದುರು ಮನೆಯ ಜಗಲಿಗೆ ದಾಟಿದ್ದಳಂತೆ. ಅಷ್ಟು ಚಿಕ್ಕ ಪ್ರಯಾಣವಾದ್ದರಿಂದ ಆ ಕಥೆಯನ್ನು ಯಾರೂ ಪೂರ್ತಿ ಕೇಳುತ್ತಿರಲಿಲ್ಲ. ಮಾವ ಗೆರೆ ನೋಡಿ ಎರಡೂ ಕೈ ಎತ್ತಿದರು.

"ನಾನು ಹೇಳ್ತಾನೇ ಇದ್ನಲ್ಲ! ನಮ್ಮಜ್ಜಿ ಹೋಗಿದ್ದು ಎದುರು ಮನೆಗಲ್ಲ ಕಣ್ರೋ! ಹೆಂಚಿನ ಮೇಲಿಂದ ಹೋಗಿದ್ಲು! ಗಡಿಯಾರದ ಗೋಪುರಕ್ಕೆ ಹೋಗಿದ್ಲು!"

"ನಿನ್ನೆವರೆಗೂ ಜಗಲಿಗೆ ಅಂತಿದ್ದೆ?" ಎಂದರು ಪೋಸ್ಟಮ್ಮ.

"ನಿನ್ನೆವರೆಗೂ ಸಾಕ್ಷಿ ಇರಲಿಲ್ಲ ಪೋಸ್ಟಮ್ಮ. ಸಾಕ್ಷಿ ಇಲ್ದೆ ನಾನು ಮಾತಾಡೋನಲ್ಲ."

ಅವತ್ತೇ ಓಣಿ ಎರಡಾಯಿತು. ಅಜ್ಜಂದಿರ ಸಾಹಸ ದೊಡ್ಡದಾದವರೆಲ್ಲ ಫ್ರೇಮಣ್ಣನ ಕಡೆ, ಅಜ್ಜಂದಿರು ಮುಳುಗಿಹೋದವರೆಲ್ಲ ಪೋಸ್ಟಮ್ಮನ ಕಡೆ. ಎದುರುಬದುರು ಮನೆಯವರು ಬೆನ್ನು ಹಾಕಿಕೊಂಡು ಗುಡಿಸತೊಡಗಿದರು. ಪೋಸ್ಟಮ್ಮ ಅಜ್ಜನ ಫೋಟೊವನ್ನು ತಂದು ಫ್ರೇಮಣ್ಣನ ಮೇಜಿನ ಮೇಲೆ ಕುಕ್ಕಿ, "ಈ ಕಟ್ಟು ಬಿಚ್ಚಿಬಿಡು. ನೀರಲ್ಲಿ ಹೋದೋರಿಗೆ ಇಷ್ಟು ಒಳ್ಳೇ ಕಟ್ಟು ಯಾಕೆ?" ಎಂದು ಹೋದರು. ಅಜ್ಜ ಕೈಯಲ್ಲಿ ಹಗ್ಗ ಹಿಡಿದುಕೊಂಡು ಮೇಜಿನ ಮೇಲಿನಿಂದ ಫ್ರೇಮಣ್ಣನನ್ನೇ ನೋಡುತ್ತಿದ್ದರು. ಅವನು ಫೋಟೊದ ಮೇಲೊಂದು ಬಟ್ಟೆ ಹೊದಿಸಿದ. ಬಟ್ಟೆಯೊಳಗಿಂದಲೂ ನೋಡುತ್ತಿದ್ದಾರೆ ಅನ್ನಿಸಿತು.

ಷಡ್ಡಕ ಬಂದ. ಈ ಸಲ ಬೆಂಚಿನ ಮೇಲೆ ಕೂರಲೂ ಇಲ್ಲ, ಕಾಲಾಡಿಸಲೂ ಇಲ್ಲ. ತನ್ನ ಅಂಗಡಿಯ ಗಿರಾಕಿಗಳನ್ನು ಜೊತೆಗೆ ಕರೆತಂದಿದ್ದ. "ನಮ್ಮ ಷಡ್ಡಕರ ಮನೆ. ಇಡೀ ಊರಲ್ಲೇ ಎತ್ತರದ ಗೆರೆ. ನಮ್ಮ ವಂಶದಲ್ಲಿ ಮೊದಲಿಂದಲೂ ಹೀಗೇ," ಎಂದು ಗೋಡೆ ತಟ್ಟಿದ. ವಂಶ ಹೇಗೆ ಒಂದಾಯಿತೆಂದು ಯಾರೂ ಕೇಳಲಿಲ್ಲ.

"ಇವಳೇ, ಎಲ್ರಿಗೂ ಟೀ ಮಾಡು," ಎಂದ ಫ್ರೇಮಣ್ಣ ಒಳಗೆ ತಿರುಗಿ.

"ಟೀ ಪುಡಿ ಖಾಲಿಯಾಗಿದೆ ರೀ," ಎಂದಳು ಹೆಂಡತಿ ಒಳಗಿನಿಂದ. "ಮೊನ್ನೆ ತಂದ ಡಬ್ಬ. ನಾನಂತೂ ಕುಡಿದಿಲ್ಲ."

ಫ್ರೇಮಣ್ಣ ಬಂದವರಿಗೆ ನೀರು ಕೊಟ್ಟು ಕಳಿಸಿದ.

ಇಷ್ಟಕ್ಕೇ ನಿಂತಿದ್ದರೆ ಓಣಿಯವರು ಜಗಳವಾಡಿಕೊಂಡೇ ಸುಖವಾಗಿರುತ್ತಿದ್ದರು. ಆದರೆ ಊರಿನ ಆಡಳಿತ ಕಚೇರಿಗೆ ಸುದ್ದಿ ಹೋಯಿತು. ಅಲ್ಲಿಂದ ಅಳತೆ ಸಾಹೇಬರು ಮೂರು ಕಾಲಿನ ಮೇಲೆ ನಿಲ್ಲುವ ದುರ್ಬೀನು ಹೊರಿಸಿಕೊಂಡು ಬಂದರು. ಹೊಳೆ ಮತ್ತೆ ಉಕ್ಕಿದರೆ ಯಾವ ಯಾವ ಮನೆ ಮುಳುಗುತ್ತದೆ ಎಂದು ಗುರುತು ಹಾಕುವುದು ಅವರ ಕೆಲಸ. ತೆಳ್ಳಗಿನ, ಗಂಭೀರ ಮನುಷ್ಯ. ನಕ್ಕರೆ ಅಳತೆ ತಪ್ಪೀತು ಅನ್ನುವ ಹಾಗಿದ್ದರು.

"ಜನರ ಮಾತು ನಾನು ಕೇಳಲ್ಲ," ಎಂದರು ಬಂದವರೇ. "ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಾನು ಗೋಡೆ ನೋಡ್ತೀನಿ."

ಗೋಡೆ ನೋಡಿದರು. ದುರ್ಬೀನಿಟ್ಟು ನೋಡಿದರು. ಮೂಗಿಟ್ಟು ನೋಡಿದರು. ಅವರ ಮುಖ ಮೃದುವಾಯಿತು.

"ಎಷ್ಟು ನೇರ! ಇಷ್ಟು ವರ್ಷದಲ್ಲಿ ಇಂಥ ಗೆರೆ ನೋಡಿರಲಿಲ್ಲ. ಬೇರೆಯೋರ ಗೆರೆಗಳೆಲ್ಲ ಸೊಟ್ಟ, ಅಲ್ಲಲ್ಲಿ ಅಳಿಸಿಹೋಗಿದಾವೆ. ಇದು ನೋಡಿ, ಇದು ಗೆರೆ ಅಂದ್ರೆ."

ಯಾರಾದರೂ ತನ್ನ ಕೆಲಸವನ್ನು ಇಷ್ಟು ಅರ್ಥಮಾಡಿಕೊಂಡು ಹೊಗಳಿದ್ದು ಫ್ರೇಮಣ್ಣನಿಗೆ ಅದೇ ಮೊದಲು. ಒಂದು ಕ್ಷಣ ಹೆಮ್ಮೆಪಟ್ಟುಬಿಟ್ಟ. ಆಮೇಲೆ ಅವರ ದುರ್ಬೀನು ಕಣ್ಣಿಗೆ ಬಿತ್ತು.

"ಸಾಹೇಬ್ರೇ, ಆ ಗೆರೆ... ಅದು ಅಲ್ಲಿ ಇರಲೇಬಾರದಿತ್ತು."

ಸಾಹೇಬರು ಅವನ ಭುಜದ ಮೇಲೆ ಕೈಯಿಟ್ಟರು. "ಅರ್ಥ ಆಗುತ್ತೆ ನನಗೆ. ಯಾರ ಮನೆಗೂ ಅಂಥ ದಿನ ಬರಬಾರದಿತ್ತು. ಧೈರ್ಯ ತಗೊಳ್ಳಿ," ಎಂದು ಓಣಿ ಇಳಿದರು.

ಅಲ್ಲಿಂದ ಶುರುವಾಯಿತು. ಸಾಹೇಬರು ಫ್ರೇಮಣ್ಣನ ಗೆರೆಯ ಮಟ್ಟವನ್ನು ಊರಿನ ಮೇಲೆಲ್ಲ ಹಾಯಿಸಿದರು. ಪೋಸ್ಟಮ್ಮನ ಮನೆಗೆ ಬಂದಾಗ ಕೆಂಪು ಬಣ್ಣ ಹಚ್ಚಲು ಗೋಡೆಯೇ ಸಾಲದೆ ಹೊಗೆಕೊಳವೆಗೆ ಹಚ್ಚಿದರು. ಬೇಕರಿಯ ಹತ್ತಿರ ಹೊಗೆಕೊಳವೆಯೂ ಸಾಲಲಿಲ್ಲ. ಹೊಳೆಯ ಪಕ್ಕದ ಗೋಪುರದಲ್ಲಿ ಗಡಿಯಾರದ ಆರರ ಅಂಕಿ ಮುಳುಗಿತು. ತೀರಾ ಕೆಳಗಿನ ಮೂಲೆಯಲ್ಲಿ, ತಗಡಿನ ಚಾವಣಿಯ ಕೆಳಗೆ ನಿಂತು ಊರಿನವರ ಬಟ್ಟೆ ಇಸ್ತ್ರಿ ಮಾಡುವ ಇಸ್ತ್ರಿ ಅಕ್ಕನ ಗೂಡಿನ ಮೇಲಂತೂ ಉದ್ದನೆಯ ಬಿದಿರ ಗಳು ನೆಟ್ಟು, ಅದರ ತುದಿಗೆ ಕೆಂಪು ಬಟ್ಟೆ ಕಟ್ಟಬೇಕಾಯಿತು. ಬಟ್ಟೆ ಆಕಾಶದಲ್ಲಿ ಪಟಪಟ ಹಾರುತ್ತಿತ್ತು. ನೀರು ಅಲ್ಲಿಯವರೆಗೆ ಬಂದಿತ್ತೆಂದು ಸಾಹೇಬರು ಬೆರಳು ತೋರಿಸಿದರು. ಇಸ್ತ್ರಿ ಅಕ್ಕ ತಲೆಯೆತ್ತಿ ನೋಡಿ ಇಸ್ತ್ರಿ ಪೆಟ್ಟಿಗೆಯನ್ನು ಕೈಯಿಂದ ಕೆಳಗಿಟ್ಟಳು.

"ಮೊದಲು ಈ ಗೂಡು ಖಾಲಿಯಾಗಬೇಕು. ತೀರಾ ಅಪಾಯ," ಎಂದರು ಸಾಹೇಬರು. "ಆಮೇಲೆ ಕೆಳಗಿನ ಸಾಲಿನ ಮನೆಗಳು. ಸೇತುವೆಯಾಚೆ, ಗುಡ್ಡದ ಹಿಂದೆ ಜಾಗ ಕೊಡ್ತಾರೆ."

"ಅಲ್ಲಿ ನನ್ನ ಹತ್ರ ಇಸ್ತ್ರಿ ಮಾಡಿಸ್ಕೊಳ್ಳೋಕೆ ಯಾರಿದಾರೆ ಸಾಹೇಬ್ರೇ?" ಎಂದಳು ಅಕ್ಕ.

"ಜನ ಬರ್ತಾರೆ, ನಿಧಾನವಾಗಿ."

"ಈಗ ಯಾರಿದಾರೆ?"

ಸಾಹೇಬರು ದುರ್ಬೀನಿನ ಮುಚ್ಚಳ ಹುಡುಕತೊಡಗಿದರು. ಬೇಕರಿ ಮಾವ ತಿರುಗಿ ತಮ್ಮ ಅಂಗಡಿಯನ್ನು ನೋಡಿದರು. ಕೆಳಗಿನ ಸಾಲು ಎಂದರೆ ತಮ್ಮ ಬೇಕರಿಯೂ ಸೇರಿತು ಎಂಬುದು ಅವರಿಗೆ ಈಗ ತಾನೇ ಹೊಳೆದಿತ್ತು. ಮಾವನ ಕಥೆಯಲ್ಲಿ ಅಜ್ಜಿಯ ಮರಿಗೆ ಅವತ್ತು ಸಂಜೆಯೇ ಗೋಪುರದಿಂದ ಎದುರು ಮನೆಯ ಜಗಲಿಗೆ ವಾಪಸ್ಸಾಯಿತು.

ಮುಂದಿನ ದಿನಗಳಲ್ಲಿ ಫ್ರೇಮಣ್ಣ ಹೇಳಬೇಕೆಂದು ಎಷ್ಟು ಸಲ ಹೊರಟನೋ ಅಷ್ಟು ಸಲ ವಾಪಸ್ಸು ಬಂದ. ಪೋಸ್ಟಮ್ಮನ ಬಾಗಿಲಿಗೆ ಹೋಗಿ ಬಾಗಿಲಿನ ಅಳತೆ ಚೆನ್ನಾಗಿದೆ ಎಂದು ಹೇಳಿ ಬಂದ. ಬೇಕರಿಗೆ ಹೋಗಿ ಬೇಡದ ಬ್ರೆಡ್ಡು ತಂದ. ಇಸ್ತ್ರಿ ಅಕ್ಕನ ಹತ್ತಿರ ಹೋಗಿ ಒಂದು ಅಂಗಿ ಕೊಟ್ಟು ಬಂದ. ಕೊಡುವಾಗ ನೋಡಿದರೆ ಅದು ಇಸ್ತ್ರಿಯಾದ ಅಂಗಿಯೇ. ಮನೆಯಲ್ಲಿ ಹೆಂಡತಿ ದಿನಾ ಬಿಸಿನೀರು ಕುಡಿಯುತ್ತಿದ್ದಳು. ಚಹಾಪುಡಿ ತಂದುಕೊಡಲು ಅವನಿಗೆ ಧೈರ್ಯ ಬರಲಿಲ್ಲ. ತನ್ನಿ ಎಂದು ಅವಳೂ ಹೇಳಲಿಲ್ಲ.

ಕೊನೆಗೆ ಗೂಡು ಖಾಲಿ ಮಾಡುವ ದಿನ ಬಂತು. ಓಣಿಯವರೆಲ್ಲ ಹೊರಗೆ ನಿಂತಿದ್ದರು. ಅಳತೆ ಸಾಹೇಬರೂ ಇದ್ದರು. ಇಸ್ತ್ರಿ ಅಕ್ಕ ಮೇಜು, ಕಂಬಳಿ, ಇದ್ದಿಲ ಚೀಲ, ಪೆಟ್ಟಿಗೆ ಎಲ್ಲವನ್ನೂ ತಳ್ಳುಗಾಡಿಗೆ ಏರಿಸಿ, ಒಂದು ಅಂಗಿಯನ್ನು ಮಾತ್ರ ಅಂಗೈ ಮೇಲೆ ಹೊತ್ತುಕೊಂಡು ಇಡೀ ಓಣಿ ಹತ್ತಿ ಬಂದಳು. ಉಳಿದವರೂ ಹಿಂದೆಯೇ ಬಂದರು. ಅವಳು ಫ್ರೇಮಣ್ಣನ ಮುಂದೆ ನಿಂತು ಏದುಸಿರು ಬಿಟ್ಟಳು.

"ತಗೊಳ್ಳಿ ಅಣ್ಣ, ನಿಮ್ಮ ಅಂಗಿ. ಮಡಿಕೆ ಬೀಳದ ಹಾಗೆ ತಂದಿದೀನಿ."

ಫ್ರೇಮಣ್ಣ ಕೈ ಚಾಚಲಿಲ್ಲ.

"ಎಲ್ರೂ ನಿಮ್ಮನ್ನ ಬೈತಾರೆ. ನನಗೆ ಕೋಪ ಇಲ್ಲ ಅಣ್ಣ. ನೀವು ಗೋಡೆ ತೊಳೆದಿದ್ದಕ್ಕೆ ಗೊತ್ತಾಯ್ತು. ಇಲ್ಲದಿದ್ರೆ ಯಾವತ್ತೋ ಒಂದು ದಿನ ನೀರು ಬಂದು, ನಿಂತ ಜಾಗದಲ್ಲೇ ಹೋಗಿಬಿಡ್ತಿದ್ದೆ. ಜೀವ ಉಳಿಸಿದ್ರಿ. ನಿಮ್ಮ ಹೊಟ್ಟೆ ತಣ್ಣಗಿರಲಿ."

ಬೈದಿದ್ದರೆ ಫ್ರೇಮಣ್ಣ ತಡೆದುಕೊಳ್ಳುತ್ತಿದ್ದ. ಹೊಡೆದಿದ್ದರೆ ಮನೆಯೊಳಗೆ ಓಡುತ್ತಿದ್ದ. ಇದಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮುಖ ಕಿವಿಯ ತುದಿಯವರೆಗೂ ಕೆಂಪಾಯಿತು.

"ಅದು ಟೀ," ಎಂದ.

"ಟೀ ಬೇಡ ಅಣ್ಣ, ಗಾಡಿಯವನು ಕಾಯ್ತಿದಾನೆ."

"ಅಲ್ಲಮ್ಮ, ಗೆರೆ! ಆ ಗೆರೆ ಟೀ! ನಾನು ಎಳೆದಿದ್ದು. ಟೀ ಕುದಿಸಿ ನಾನೇ ಎಳೆದಿದ್ದು. ನೀರು ಬಂದಿಲ್ಲ, ಏನೂ ಬಂದಿಲ್ಲ."

ಬೇಕರಿ ಮಾವ ಕಣ್ಣೊರೆಸಿಕೊಂಡರು. "ಎಂಥ ದೊಡ್ಡ ಮನಸ್ಸು ನೋಡಿ! ನಮ್ಮನ್ನ ಉಳಿಸೋಕೆ ಸುಳ್ಳು ಹೇಳ್ತಿದಾನೆ!"

"ಸುಳ್ಳು ಹೇಳೋಕೂ ಒಂದು ಮಿತಿ ಬೇಕು," ಎಂದರು ಅಳತೆ ಸಾಹೇಬರು ಬಿರುಸಾಗಿ. "ಇಷ್ಟು ನೇರದ ಗೆರೆ ಮನುಷ್ಯನ ಕೈಯಲ್ಲಿ ಆಗಲ್ಲ ರೀ. ನಾನು ಅಳೆದಿದೀನಿ. ಗಾಡಿ ಹೊರಡಲಿ."

ಷಡ್ಡಕನಂತೂ, "ನಮ್ಮ ವಂಶದವರಿಗೆ ದುಃಖ ಆದಾಗ ತಲೆ ಸ್ವಲ್ಪ ಹೀಗೇ," ಎಂದು ಪಕ್ಕದವರಿಗೆ ವಿವರಿಸುತ್ತಿದ್ದ.

ಕೆಳಗೆ ಗಾಡಿಯ ಚಕ್ರ ಕಿರ್ ಎಂದಿತು. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಬಂದಳು. ಒಂದು ಕೈಯಲ್ಲಿ ಸೀಮೆಎಣ್ಣೆ ಒಲೆ, ಇನ್ನೊಂದರಲ್ಲಿ ತಳ ಕಪ್ಪಾದ ಪಾತ್ರೆ. ಎಲ್ಲರ ಎದುರಿಗೆ ಜಗಲಿಯ ಮೇಲಿಟ್ಟಳು. ಸೊಂಟಕ್ಕೆ ಸಿಕ್ಕಿಸಿದ್ದ ಹೊಸ ಚಹಾಪುಡಿಯ ಪೊಟ್ಟಣ ತೆಗೆದು ಗಂಡನ ಕೈಗಿಟ್ಟಳು. ಅದನ್ನು ಅವಳು ಯಾವಾಗ ತಂದಿಟ್ಟುಕೊಂಡಿದ್ದಳೋ ಅವನಿಗೆ ಗೊತ್ತಿರಲಿಲ್ಲ.

"ಮಾಡಿ ತೋರಿಸಿ," ಎಂದಳು.

ಫ್ರೇಮಣ್ಣ ಮಾಡಿ ತೋರಿಸಿದ. ಚಹಾ ಕುದಿಯುವಷ್ಟು ಹೊತ್ತೂ ಊರೆಲ್ಲ ನಿಂತು ನೋಡಿತು. ಅಷ್ಟು ನಿಧಾನವಾಗಿ ಚಹಾ ಕುದಿದದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಮಣ್ಣು ಕಲಸಿದ. ರಸಮಟ್ಟ ಇಟ್ಟ. ಕೈ ನಡುಗಿದರೆ ಚೆನ್ನಾಗಿತ್ತು, ಗೆರೆ ಸೊಟ್ಟಗಾಗಿ ಸ್ವಲ್ಪ ಮಾನ ಉಳಿಯುತ್ತಿತ್ತು. ಆದರೆ ಕಸುಬಿನ ಕೈ, ನಡುಗಲಿಲ್ಲ. ಮೊದಲ ಗೆರೆಯ ಕೆಳಗೆ ಅದರ ಅವಳಿ ತಂಗಿಯಂಥ ಇನ್ನೊಂದು ಗೆರೆ ಮೂಡಿತು. ಅದರ ಮೇಲೆ ವಾರ್ನಿಶ್ ಎಳೆದ ಕೂಡಲೇ ಅದಕ್ಕೂ ನೂರು ವರ್ಷ ವಯಸ್ಸಾಯಿತು.

ಯಾರೂ ನಗಲಿಲ್ಲ. ನಗುತ್ತಾರೆ ಎಂದು ಅವನು ಕಾದಿದ್ದ. ನಕ್ಕಿದ್ದರೆ ತಾನೂ ಸೇರಿ ನಗಬೇಕೆಂದು ಬಾಯಿಯನ್ನು ಸಿದ್ಧಮಾಡಿಕೊಂಡಿದ್ದ. ಆ ಬಾಯಿ ಹಾಗೇ ಸ್ವಲ್ಪ ಹೊತ್ತು ತೆರೆದುಕೊಂಡಿದ್ದು, ಆಮೇಲೆ ತಾನಾಗಿ ಮುಚ್ಚಿಕೊಂಡಿತು.

ಅಳತೆ ಸಾಹೇಬರು ಎರಡು ಗೆರೆಗಳನ್ನೂ ನೋಡಿದರು. ಮೂಗಿಟ್ಟು ನೋಡಿದರು. ಈ ಸಲ ಚಹಾದ ವಾಸನೆ ಬಂದಿರಬೇಕು. ಅವರ ಮುಖ ಫ್ರೇಮಣ್ಣನ ಮುಖಕ್ಕಿಂತ ಕೆಂಪಾಯಿತು.

"ಅಳಿಸ್ರಿ ಇದನ್ನ," ಎಂದರು ಮೆಲ್ಲಗೆ. "ಗೋಡೆ ಮೇಲೆ ಗೆರೆ ಇರೋವರೆಗೂ ನನ್ನ ಅಳತೆ ಅದೇ. ಗೋಡೆ ಖಾಲಿ ಮಾಡಿ, ಮತ್ತೆ ಅಳೀತೀನಿ. ಅಲ್ಲಿವರೆಗೂ ಗಾಡಿ ನಿಂತಿರಲಿ."

ಫ್ರೇಮಣ್ಣ ಒದ್ದೆ ಬಟ್ಟೆ ತಂದ. ಗೆರೆ ಹೊಳೆಯಿತು ಅಷ್ಟೇ. ಸೋಪು ಹಚ್ಚಿದ, ಇನ್ನೂ ಚೆನ್ನಾಗಿ ಹೊಳೆಯಿತು. ಎರಡು ಕೈ ವಾರ್ನಿಶ್ ಕೊಟ್ಟ ಪಾಪಿ ಯಾರು ಎಂದು ಕೇಳಲು ಅವನಿಗೆ ಬೇರೆ ಯಾರೂ ಇರಲಿಲ್ಲ. ಕೊನೆಗೆ ಏಣಿ ತಂದು ಗೋಡೆಗೆ ಒರಗಿಸಿ, ಉಳಿ ಸುತ್ತಿಗೆ ಹಿಡಿದು ಹತ್ತಿದ. ಗಾರೆಯನ್ನೇ ಕೆತ್ತಿ ತೆಗೆಯಬೇಕಿತ್ತು. ಒಂದೊಂದು ಏಟಿಗೂ ಅಂಗೈಯಷ್ಟು ಗಾರೆ ಕಳಚಿ ಬಿತ್ತು. ಅದರ ಹಿಂದೆ ಬರೀ ಇಟ್ಟಿಗೆ.

ಕೆಳಗೆ ಯಾರೂ ಮನೆಗೆ ಹೋಗಿರಲಿಲ್ಲ. ಪೋಸ್ಟಮ್ಮ ಅಂಗಡಿಯೊಳಗೆ ಹೋಗಿ, ಬಟ್ಟೆ ಸರಿಸಿ, ಅಜ್ಜನ ಫೋಟೊ ಎತ್ತಿಕೊಂಡು ಹೊರಗೆ ಬಂದು ನಿಂತರು. ಅಜ್ಜನಿಗೂ ಕಾಣಲೆಂದೋ ಏನೋ, ಫೋ‌ಟೊದ ಮುಖ ಗೋಡೆಯ ಕಡೆಗಿತ್ತು. ಬೇಕರಿ ಮಾವ ತಲೆತಗ್ಗಿಸಿ ಕೈಯ ಹಿಟ್ಟು ಉಜ್ಜಿಕೊಳ್ಳುತ್ತಿದ್ದರು. ಷಡ್ಡಕ ಮಾತ್ರ ಕಾಣಲಿಲ್ಲ; ಅವನ ವಂಶ ಸೇತುವೆ ದಾಟಿಯಾಗಿತ್ತು. ಇಸ್ತ್ರಿ ಅಕ್ಕ ತಳ್ಳುಗಾಡಿಯ ಹತ್ತಿರ ಇಳಿದು ಹೋಗಿ, ಇಸ್ತ್ರಿಯಾದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿಯ ಅಂಚಿಗೆ ಕೂತಿದ್ದಳು. ಅಷ್ಟು ದೂರದಿಂದಲೂ ಮೇಲಕ್ಕೇ ನೋಡುತ್ತಿದ್ದಳು.

ಅದೇ ಹೊತ್ತಿಗೆ ಗೈಡು ಹೊಸ ಜನರನ್ನು ಕರೆದುಕೊಂಡು ಹತ್ತಿ ಬಂದ. ಏಣಿಯನ್ನೂ, ಒಡೆದ ಗೋಡೆಯನ್ನೂ, ಸಾಲಾಗಿ ನಿಂತ ಮುಖಗಳನ್ನೂ ನೋಡಿದ. ಕೊಡೆಯನ್ನು ನಿಧಾನವಾಗಿ ಕಂಕುಳಿಗೆ ಸಿಕ್ಕಿಸಿದ.

"ಇಲ್ಲೇನೂ ಇಲ್ಲ," ಎಂದ. "ಮುಂದೆ ಬನ್ನಿ."

ಜನ ಏಣಿಯ ಪಕ್ಕದಿಂದ ಸರಿದು ಮೆಟ್ಟಿಲು ಹತ್ತಿ ಹೋದರು. ಇಳಿಜಾರಿನ ಕಲ್ಲಿನ ಮೇಲೆ ಏಣಿಯ ಒಂದು ಕಾಲು ಸ್ವಲ್ಪ ಜಾರಿತು. ಫ್ರೇಮಣ್ಣ ಉಳಿಯನ್ನು ಬಿಟ್ಟು, ಗೋಡೆಗೆ ಕೆನ್ನೆ ಒತ್ತಿಕೊಂಡು ನಿಂತ. ಇನ್ನೂ ಅರ್ಧ ಗೆರೆ ಉಳಿದಿತ್ತು.

"ಯಾರಾದ್ರೂ ಏಣಿ ಸ್ವಲ್ಪ ಹಿಡ್ಕೊಳ್ತೀರಾ?"

ಕೆಳಗೆ ದೂರದಲ್ಲಿ ಹೊಳೆ ಹರಿಯುವ ಸದ್ದು ಕೇಳಿಸುತ್ತಿತ್ತು. ಯಾವತ್ತೂ ಅಷ್ಟು ಮೇಲಿನವರೆಗೆ ಅದು ಕೇಳಿಸಿದ್ದಿಲ್ಲ. ಹೆಂಡತಿ ಹೊಸ್ತಿಲ ಮೇಲೆ ಕೂತು, ಪಾತ್ರೆಯಲ್ಲಿ ಉಳಿದ ಚಹಾವನ್ನು ಲೋಟಕ್ಕೆ ಬಗ್ಗಿಸಿ ನೋಡಿ, ಕುಡಿಯಲಾಗದೆ ಪಕ್ಕಕ್ಕೆ ಇಟ್ಟಳು.

ಫ್ರೇಮಣ್ಣ ಕೆಳಗೆ ನೋಡದೆ, ಇನ್ನೊಂದು ಸಲ ಮೆಲ್ಲಗೆ ಕೇಳಿದ:

"ಇವಳೇ... ಏಣಿ ಸ್ವಲ್ಪ ಹಿಡ್ಕೊಳ್ತೀಯಾ?"